ಸೇಠಾಣಿಗೆ ಮುಖ ತೋರಿಸಿ ಬಂದೆ

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಕೊಹಿನೂರು ಹಳ್ಳಿಯಿಂದ ಕಾಕಾನ ಕಾಗದ ಬಂದರೆ ನಾನೇ ಓದಿ ಹೇಳುತ್ತಿದ್ದೆ. ಬೇಸರವಾದ ದಿನ ಅರ್ಧ ಬಿಟ್ಟು, ಖುಷಿಯಲ್ಲಿದ್ದ ದಿನ ಇಲ್ಲದ್ದನ್ನೂ ಸೇರಿಸಿ ಓದುತ್ತಿದ್ದೆ. "ನಿಮ್ಮ ಕಾಕಾಗ ಇಷ್ಟ ಛಲೋ ಮಾತ ಎಲ್ಲಿಂದ ಬಂದ್ವೋ?" ಎಂದು ನೀನು ಅನುಮಾನದಿಂದ ನನ್ನ ಮುಖ ನೋಡುತ್ತಿದ್ದೆ. ಈಗ ಇದನ್ನು ನಿನಗೆ ಯಾರು ಓದಿ ಹೇಳುತ್ತಾರೋ. ಅಪ್ಪ ಅಲ್ಲೇ ಇದ್ದಾನೆ, ಆದರೆ ಅವನದೂ ಹೆಬ್ಬೆಟ್ಟೇ. ಯಾರಾದರೂ ಮಾಸ್ತರರು ಸಿಕ್ಕರೆ ಹಿಡಿದು ಕೂರಿಸಿಕೋ. ಪೂರ್ತಿ ಓದಿಸಿಕೋ, ಒಲೆ ಮೇಲೆ ಸಾರಿದೆ ಎಂದು ನಡುವೆ ಎದ್ದು ಹೋಗಬೇಡ.

ನೀನು ಹೋಗುವ ಹಿಂದಿನ ದಿನ ಮಧ್ಯಾಹ್ನ ನಿನ್ನ ಸೊಸೆ ಶಾಂತಾ ನಿನಗೆ ಗಂಜಿ ಕುಡಿಸಿ ಬಟ್ಟಲು ತೊಳೆಯಲು ಹಿತ್ತಲಿಗೆ ಹೋಗಿದ್ದಳು. ನೀನು ನನ್ನ ಮುಂಗೈ ಹಿಡಿದೆ. "ಧೂಳ್ಯಾ, ನಿನ್ನ ನಾ ಸೇಠಾಣಿ ಕಡಿಂದ ತಂದೀನಪಾ" ಎಂದೆ. ನಾನು ಜ್ವರದ ಮಾತು ಅಂದುಕೊಂಡೆ. "ಯಾವ ಸೇಠಾಣಿ ಬೇ?" ಎಂದು ಕೇಳಿದೆ. "ಹುಮನಾಬಾದ ಮಾರ್ವಾಡಿ ಸೇಠಾಣಿ. ಅವರ ಅಂಗಡ್ಯಾಗ ನಾ ಕಾಳ ಹಸನ ಮಾಡ್ತಿದ್ದೆ. ಅಕಿ ಜೀವಂತ ಇದ್ದರ ಒಮ್ಮಿ ಹೋಗಿ ಮುಖ ತೋರಸು. ನಾ ಅಕಿಗಿ..." ಅಷ್ಟೇ. ಅಕಿಗೆ ಏನು ಅವ್ವಾ? ನಾನು ಕೇಳುತ್ತಲೇ ಇದ್ದೆ, ನೀನು ಗೋಡೆಯ ಕಡೆ ತಿರುಗಿ ಮಲಗಿದೆ. ಮರುದಿನ ಬೆಳಗಾದಾಗ ನೀನು ಇರಲಿಲ್ಲ.

ನಿನ್ನನ್ನು ಕುಣಿಯಲ್ಲಿ ಕೂರಿಸಿದ ಹೊತ್ತು. ಐನೋರು ಮಂತ್ರ ಮುಗಿಸಿ ನನ್ನ ಕಡೆ ನೋಡಿದರು. ಮೊದಲ ಹಿಡಿ ಮಣ್ಣು ಮಗನದು. ನಾನು ಬಗ್ಗಿ ಮಣ್ಣು ಹಿಡಿದೆ, ಹಿಡಿದು ಹಾಗೇ ನಿಂತೆ. ನಾನು ಯಾರೋ ಹಡೆದು ನೀನು ತಂದು ಸಾಕಿದವನಾದರೆ? ಈ ಮಣ್ಣು ಹಾಕಬೇಕಾದವನು ನಾನೋ, ನಿನ್ನ ಮೈದುನನಾದ ಕಾಕಾನೋ? "ಏನ್ ಕಂಬ ನಿಂತಾಂಗ ನಿಂತೀಯೋ? ಮಗ ಆದಾಂವ ಮೊದಲ ಹಾಕಬೇಕು" ಎಂದು ಕಾಕಾ ಗದರಿದ. "ನೀವೇ ಹಾಕ್ರಿ ಕಾಕಾ" ಎಂಬ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು. ದುಃಖಕ್ಕೆ ಹುಡುಗನ ಕೈ ಏಳಲಿಲ್ಲ ಎಂದು ಜನ ತಿಳಿದರು. ಅದು ದುಃಖವಲ್ಲ, ಅವ್ವಾ, ಸಿಟ್ಟು. ಇಪ್ಪತ್ತೇಳು ವರ್ಷ ಬಾಯಿ ಬಿಗಿದುಕೊಂಡಿದ್ದು ಹೋಗುವಾಗ ಅರ್ಧ ಮಾತು ಕೈಗಿಟ್ಟು ಹೋದೆಯಲ್ಲ, ಆ ಸಿಟ್ಟು. ಆದರೂ ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ತಿಳಿದಿಲ್ಲ.

ಆಮೇಲೆ ಎರಡು ತಿಂಗಳು ನಾನು ಕನ್ನಡಿ ಬಿಟ್ಟು ಏಳಲಿಲ್ಲ. ನೀನೂ ಕಪ್ಪು, ಅಪ್ಪನೂ ಕಪ್ಪು, ನಾನೊಬ್ಬ ಕೆಂಪಗೆ. ಶಾಲೆಯಲ್ಲಿ ಹುಡುಗರು ನನ್ನನ್ನು "ಸೇಠಜಿ" ಎಂದು ಕಾಡುತ್ತಿದ್ದರು, ನಿನಗೆ ಹೇಳಿದಾಗ ನೀನು ಅವರ ಮನೆಗಳಿಗೇ ಹೋಗಿ ಜಗಳ ತೆಗೆದು ಬಂದಿದ್ದೆ. ಅಷ್ಟು ಸಣ್ಣ ಮಾತಿಗೆ ಅಷ್ಟು ಸಿಟ್ಟು ಯಾಕೆ ಎಂದು ಆಗ ನನಗೆ ಹೊಳೆಯಲಿಲ್ಲ. ಮೂಗು ಯಾರದು, ಕಿವಿ ಯಾರದು ಎಂದು ನೋಡಿಕೊಳ್ಳುತ್ತಾ ಕೂತಿರುತ್ತಿದ್ದೆ. ಕುಣಿಯ ಮುಂದೆ ಹಾಗೆ ಮಾಡಿದ ಮೇಲೆ ಕಾಕಾನನ್ನು ಕೇಳುವ ಧೈರ್ಯವೂ ಬರಲಿಲ್ಲ. ಪಂಪು ರಿಪೇರಿಗೆ ಕರೆಯಲು ಬಂದ ರೈತರು ಹೊರಗೆ ನಿಂತು ನಿಂತು ಹೋದರು. ಕೊನೆಗೆ ಶಾಂತಾಳೇ ಹೇಳಿದಳು: "ಹೋಗೋದಿದ್ರ ಹೋಗಿ ಬರ್ರಿ. ಹಿಂಗ ಕನ್ನಡಿ ಮುಂದ ಕುಂತ್ರ ನಂಗ ಅಂಜಿಕಿ ಬರಾಕತ್ತದ. ನಿಮ್ಮ ಮಾರಿ ನಿಮಗೇ ಹಿಡಸ್ಲಿಲ್ಲಂದ್ರ ನಾ ಎಲ್ಲಿ ಹೋಗ್ಲಿ?"

ಮಾಣಿಕನಗರದ ಜಾತ್ರೆಗೆ ನಾವು ಹೋಗುತ್ತಿದ್ದ ದಾರಿ ಆಗ ನೆನಪಾಯಿತು. ಎಲ್ಲರೂ ಬಸ್ಸಿಳಿದು ಹುಮನಾಬಾದಿನ ಪೇಟೆಯೊಳಗಿಂದ ಹೋದರೆ ನೀನು ಮಾತ್ರ ನನ್ನನ್ನು ಹೊಲದ ಬದುವಿನ ಮೇಲೆ ಸುತ್ತು ಹಾಕಿಸಿ ಕರೆದೊಯ್ಯುತ್ತಿದ್ದೆ. ಪೇಟೆಯ ಮುಂದೆ ಹಾಯಲೇಬೇಕಾಗಿ ಬಂದಾಗ ಸೆರಗು ತೆಗೆದು ನನ್ನ ಮುಖ ಮುಚ್ಚುತ್ತಿದ್ದೆ. ದೃಷ್ಟಿಯಾಗುತ್ತದೆ ಎನ್ನುತ್ತಿದ್ದೆ. ಯಾರ ದೃಷ್ಟಿ? ನಾನು ದೊಡ್ಡವನಾಗಿ ಹುಮನಾಬಾದಿನಲ್ಲಿ ಮೋಟಾರು ರಿಪೇರಿ ಅಂಗಡಿಗೆ ಸೇರುತ್ತೇನೆ ಎಂದಾಗ ನೀನು ಎರಡು ದಿನ ಊಟ ಬಿಟ್ಟೆ. "ನಮ್ಮೂರ ಕಲ್ಯಾಣದಾಗ ಮೋಟಾರ ಕೆಡಾಂಗಿಲ್ಲೇನು?" ಎಂದು ಕೇಳಿದೆ. ನಾನು ನಕ್ಕುಬಿಟ್ಟೆ. ಸೇರಿಯೂ ಸೇರಿದೆ. ಅಷ್ಟರಲ್ಲಿ ಸೇಠಾಣಿ ಆ ಊರು ಬಿಟ್ಟಿದ್ದಳು ಎಂಬುದು ನಿನಗೂ ಗೊತ್ತಿರಲಿಲ್ಲ.

ಹುಮನಾಬಾದಿಗೆ ಹೋದೆ, ಪೇಟೆಯಲ್ಲಿ ಒಬ್ಬ ಮುದುಕ ಹಮಾಲ ಸಿಕ್ಕ. ನಲವತ್ತು ವರ್ಷ ಜೋಳದ ಚೀಲ ಹೊತ್ತವನು. ಸೇಠಜಿ ಸತ್ತ ಮೇಲೆ ಸೇಠಾಣಿ ತನ್ನ ದೇಶಕ್ಕೆ ಹೋದಳು, ದೊಡ್ಡ ಮಗ ಇಲ್ಲಿನ ಅಂಗಡಿ ಮುಚ್ಚಿ ಹೈದರಾಬಾದಿಗೆ ಹೋದ ಎಂದು ಹೇಳಿದ. "ಜೋಧಪುರ ದಾಟಿ ಫಲೋದಿ ಹಾದ್ಯಾಗ ಅವರ ಹಳ್ಳಿ. ಬರೇ ಉಸುಕಂತ. ನೀರಿಗಿ ಅಳ್ತಾರಂತ. ನಿಂಗ್ಯಾಕ ಬೇಕಪಾ ಅದು?" ಎಂದು ಕೇಳಿದ. ಏನೆಂದು ಹೇಳಲಿ? ನನ್ನನ್ನೇ ಹುಡುಕಲು ಹೊರಟಿದ್ದೇನೆ ಎಂದರೆ ನಗುವುದಿಲ್ಲವೇ? "ಒಂದ ಕೆಲಸ ಅದ ರೀ" ಎಂದೆ. ಅವ್ವ ಅವರ ಅಂಗಡಿಯಲ್ಲಿ ಕಾಳು ಹಸನು ಮಾಡುತ್ತಿದ್ದಳು ಎಂದಾಗ ಅವನ ಮುಖ ಅರಳಿತು. "ಕಾಶಮ್ಮ? ಅಕಿ ಕೇರೋ ಮರ ಹಿಡದ್ರ ಕಾಳಿನ್ಯಾಗ ಒಂದ ಹರಳ ಉಳೀತಿದ್ದಿಲ್ಲ. ಯಾಕೋ ಒಂದಿನ ಹೇಳದೆ ಕೇಳದೆ ಕಲ್ಯಾಣಕ್ಕ ಓಡಿಹೋದಳು." ಓಡಿಹೋದಳು ಎಂಬ ಆ ಮಾತನ್ನು ಕಟ್ಟಿಕೊಂಡು ಮನೆಗೆ ಬಂದೆ.

ಹೊರಡುವ ದಿನ ಶಾಂತಾ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಳು. ನೀನು ಹೊಲಿದ ಕೌದಿಯನ್ನು ಫಟಫಟಿಯ ಹಿಂದೆ ಹಗ್ಗದಿಂದ ಬಿಗಿದಳು. ಸೇಠಾಣಿಗೆಂದು ಒಂದು ಸೀರೆಯನ್ನೂ ಇಟ್ಟಳು. "ನಿಮ್ಮನ್ನ ಹಡದಾಕಿ ಆದ್ರ ಉಡಲಿ, ಅಲ್ಲಂದ್ರೂ ಉಡಲಿ" ಎಂದಳು. ಅವಳ ಬುದ್ಧಿ ನನಗಿದ್ದಿದ್ದರೆ ಈ ಸಾವಿರ ಮೈಲಿ ತಿರುಗಾಟವೇ ಬೇಕಿರಲಿಲ್ಲ. ಸೋಲಾಪುರ, ಪುಣೆ, ನಾಸಿಕ, ಸೂರತ, ಅಹಮದಾಬಾದ. ಒಂದು ದಿನ ಪ್ಲಗ್ಗು ಕೈಕೊಟ್ಟಿತು, ಇನ್ನೊಂದು ದಿನ ಚೈನು ಹರಿಯಿತು. ಅವು ನನ್ನ ಕೈಯ ಕೆಲಸ, ರಸ್ತೆ ಬದಿ ಕೂತು ಮಾಡಿಕೊಂಡೆ. ಚೈನು ಎಲ್ಲಿ ಕೂಡುತ್ತದೆ ಎಂದು ಗೊತ್ತಿರುತ್ತದೆ, ನೋಡು. ಅಷ್ಟು ಹೊತ್ತು ಮಾತ್ರ ತಲೆ ಸಮಾಧಾನವಾಗಿ ಇರುತ್ತಿತ್ತು.

ಜೋಧಪುರ ದಾಟಿದ ಮೇಲಿನ ಆ ಬಯಲು ಹೇಗಿತ್ತು ಅಂತ ನಿನಗೆ ಹೇಗೆ ಹೇಳಲಿ? ನಮ್ಮ ಕಡೆ ಕರೀ ನೆಲ, ಬಿರುಕು ಬಿಟ್ಟರೂ ಮಣ್ಣು ಅನ್ನಿಸುತ್ತದೆ. ಅಲ್ಲಿ ನೆಲವೇ ನಿಂತಲ್ಲಿ ನಿಲ್ಲುವುದಿಲ್ಲ. ಗಾಳಿ ಬೀಸಿದರೆ ರಸ್ತೆಯ ಮೇಲೆ ಉಸುಕು ಹರಿದಾಡುತ್ತದೆ, ಸ್ವಲ್ಪ ಹೊತ್ತಿಗೆ ರಸ್ತೆ ಎಲ್ಲಿತ್ತು ಎಂದೇ ತಿಳಿಯುವುದಿಲ್ಲ. ಅಲ್ಲೊಂದು ಇಲ್ಲೊಂದು ಮುಳ್ಳಿನ ಗಿಡ. ದೂರದಲ್ಲಿ ಒಂಟೆ, ಒಂಟೆಯ ಹಿಂದೆ ಯಾರೂ ಇಲ್ಲ. ನಮ್ಮ ಕಡೆ ಎಲ್ಲಿ ಗಾಡಿ ನಿಲ್ಲಿಸಿದರೂ ಒಬ್ಬನಾದರೂ ಬಂದು "ಯಾವೂರು? ಯಾರ ಪೈಕಿ?" ಎಂದು ಕೇಳುತ್ತಾನೆ. ಮೊದಲೆಲ್ಲ ಆ ಪ್ರಶ್ನೆಗೆ ನನಗೆ ರೇಗುತ್ತಿತ್ತು. ಅವತ್ತು ಯಾರಾದರೂ ಬಂದು ಕೇಳಲಿ ಎನ್ನಿಸಿತು. ಕೇಳಿದರೆ ಏನು ಹೇಳುತ್ತಿದ್ದೆನೋ!

ಆ ಬಯಲಿನಲ್ಲಿ ಇಂಜಿನ್ನು ಬಂದ್ ಮಾಡಿ ಇಳಿದೆ. ಕಿವಿಯೊಳಗೆ ನನ್ನದೇ ರಕ್ತ ಹರಿಯುವ ಸದ್ದು. ಏನು ತಿಳಿಯಿತೋ ಏನೋ, ಬಾಯಿಗೆ ಕೈ ಇಟ್ಟು "ಧೂಳಪ್ಪಾ!" ಎಂದು ನನ್ನನ್ನೇ ಕೂಗಿದೆ. ಯಾರು ಓಗೊಡುತ್ತಾರೆ ನೋಡೋಣ ಎಂದು. ಹುಚ್ಚು ಎನ್ನುತ್ತೀಯಾ? ಎರಡನೇ ಸಲ ಇನ್ನೂ ಜೋರಾಗಿ ಕೂಗಿದೆ. ಆಮೇಲೆ ನನಗೇ ನಾಚಿಕೆಯಾಗಿ "ಓ" ಎಂದೆ. ನೀನು ಕರೆದಾಗ ಅನ್ನುತ್ತಿದ್ದೆನಲ್ಲ, ಆಟ ಬಿಟ್ಟು ಬರಲು ಮನಸ್ಸಿಲ್ಲದ ದನಿಯಲ್ಲಿ, ಹಾಗೇ ಬಂತು ಆ "ಓ". ಅಲ್ಲೇ ಉಸುಕಿನ ಮೇಲೆ ಕೂತು ಅತ್ತೆ. ನಿನಗಾಗಿ ಅತ್ತೆನೋ ನನಗಾಗಿ ಅತ್ತೆನೋ ಗೊತ್ತಾಗಲಿಲ್ಲ. ನೀನು ಸತ್ತ ಮೇಲೆ ಅದೇ ಮೊದಲ ಸಲ ಅತ್ತದ್ದು.

ಇನ್ನು ಮುಂದಿನದನ್ನು ಕೇಳಿದರೆ ನೀನು ಹಣೆ ಹಣೆ ಬಡಿದುಕೊಳ್ಳುತ್ತೀ. ಅವರ ಹಳ್ಳಿಗೆ ಎರಡು ಹರದಾರಿ ಇರುವಾಗ ಒಂದು ಚಹದ ಅಂಗಡಿ ಸಿಕ್ಕಿತು, ಪಕ್ಕದಲ್ಲೊಂದು ಹಿಟ್ಟಿನ ಗಿರಣಿ. ನಾನು ನಮ್ಮ ದಖ್ಖನಿಯಲ್ಲಿ ಕೇಳಿದೆ: "ಹುಮನಾಬಾದ್ ವಾಲೇ ಸೇಠಜೀ ಪರಸೋ ಗುಜರ್ ಗಯೇ ನಾ, ಉನ್ಕಾ ಘರ್ ಕಾಂ ಹೈ?" ತೀರಿಹೋದ ಸೇಠಜಿಯ ಮನೆ ಎಲ್ಲಿ ಎಂದು. ನಮಗೆ ಪರಸೋ ಎಂದರೆ ಮೊನ್ನೆ. ಮೊನ್ನೆ ಎಂದರೆ ಎರಡು ದಿನವೂ ಹೌದು, ಹತ್ತು ವರ್ಷವೂ ಹೌದು. ನೀನೇ ಹೇಳುತ್ತಿರಲಿಲ್ಲವೇ, "ಮೊನ್ನೆ ನೀ ಹುಟ್ಟಿದಾಗ ನಾವು ಹೈದರಾಬಾದ ರಾಜ್ಯ ಬಿಟ್ಟು ಮೈಸೂರ ರಾಜ್ಯದವರಾದ್ವಿ" ಎಂದು? ಆದರೆ ಆ ಸೀಮೆಯಲ್ಲಿ ಪರಸೋ ಎಂದರೆ ಲೆಕ್ಕ ಹಾಕಿ ಎರಡೇ ದಿನ. ಹಳೇ ಸೇಠಜಿ ಸತ್ತ ಮೇಲೆ ಹುಮನಾಬಾದ್ ಸೇಠ ಎಂದು ಅವರು ಕರೆಯುವುದು ಹೈದರಾಬಾದಿನಲ್ಲಿರುವ ಮಗನನ್ನು. ಅಂಗಡಿಯಲ್ಲಿದ್ದವರ ಮುಖ ಒಮ್ಮೆಲೇ ಕಪ್ಪಿಟ್ಟಿತು. ಒಬ್ಬ ಕೈ ಮುಗಿದ. ನನ್ನಿಂದ ಚಹದ ದುಡ್ಡೂ ತೆಗೆದುಕೊಳ್ಳಲಿಲ್ಲ. ಎಂಥಾ ಮರ್ಯಾದೆಯ ಜನ ಎಂದುಕೊಂಡೆ ನಾನು, ಪೆದ್ದ.

ಅಲ್ಲಿಂದ ಮುಂದೆ ಉಸುಕಿನಲ್ಲಿ ಗಾಡಿ ಹೂತು, ತಳ್ಳಿ ತಳ್ಳಿ ಬೆವರಿದೆ. ಅಷ್ಟರಲ್ಲಿ ಅಂಗಡಿಯವರ ಜೀಪು ನನ್ನನ್ನು ದಾಟಿ ಹೋಯಿತು. ಕೈ ಬೀಸಿದರೂ ನಿಲ್ಲಿಸಲಿಲ್ಲ. ನಾನು ಹಳ್ಳಿ ಮುಟ್ಟುವ ಹೊತ್ತಿಗೆ ಸೇಠಾಣಿಯ ಅಂಗಳದ ತುಂಬ ಜನ. ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ಮೂಲೆಯಲ್ಲಿ ಮುಸುಕು ಹಾಕಿದ ಸೊಸೆ, ಅವಳ ಎರಡೂ ಕೈಗಳನ್ನು ಇಬ್ಬರು ಮುದುಕಿಯರು ಬಳೆ ಒಡೆಯಲು ಹಿಡಿದಿದ್ದರು. ನಡುವೆ ಒಬ್ಬ ಬಿಳಿ ತಲೆಯ ದೊಡ್ಡ ಹೆಂಗಸು ನೆಲಕ್ಕೆ ಹಣೆ ಹಚ್ಚಿ "ಮ್ಹಾರೋ ಬೇಟೋ" ಎಂದು ಕಿರುಚುತ್ತಿದ್ದಳು. ನನ್ನ ಮಗ, ನನ್ನ ಮಗ. ನಾನು ಬಾಗಿಲಲ್ಲಿ ಗರ ಬಡಿದವನಂತೆ ನಿಂತೆ. ಇವಳು ನನ್ನ ತಾಯಿಯಾದರೆ ಸತ್ತದ್ದು ನನ್ನ ಅಣ್ಣನೋ ತಮ್ಮನೋ? ನಾನು ಬಂದ ದಿನವೇ ಹೀಗಾಗಬೇಕಿತ್ತೇ?

ಅವಳು ಎದ್ದು ಬಂದು ನನ್ನ ಅಂಗಿ ಹಿಡಿದಳು. ಕಬ್ ಹುವಾ, ಕೈಸೇ ಹುವಾ, ಯಾವಾಗ ಆಯಿತು ಹೇಗಾಯಿತು ಎಂದು ಜಗ್ಗಿದಳು. "ಸೇಠಜೀ ತೋ ಪರಸೋ..." ಎಂದು ತೊದಲಿದೆ. ಅಳು ಇಮ್ಮಡಿಯಾಯಿತು. "ಅಯ್ಯೋ ಶಿವನೇ, ಇವ್ರಿಗಿ ಏನಂತ ಹೇಳ್ಲಿ ನಾ" ಎಂದು ನಮ್ಮ ಮಾತೇ ಬಾಯಿಂದ ಬಂತು. ಅವಳ ಅಳು ಗಕ್ಕನೆ ನಿಂತಿತು.

"ನೀ ಕನ್ನಡದಾಂವ ಏನು?"

ಆ ಉಸುಕಿನ ನಡುವೆ, ಆ ಘಾಗರಾ ಉಟ್ಟ ಹೆಂಗಸಿನ ಬಾಯಿಂದ, ಅಚ್ಚ ಹುಮನಾಬಾದಿನ ಮಾತು! "ಹೌದ್ರಿ, ಕಲ್ಯಾಣದಾಂವ" ಎಂದೆ.

"ಖರೇ ಹೇಳು. ಯಾರು ಸತ್ತಾರ?"

"ಸೇಠಜಿ ರೀ. ನಿಮ್ಮ ಯಜಮಾನ್ರು."

"ಅವ್ರು ಸತ್ತು ಹನ್ನೊಂದ ವರ್ಷ ಆತಲ್ಲೋ!"

"ಅದಕ್ಕ ಪರಸೋ ಅಂದೇನ್ರಿ."

ಅವಳು ನನ್ನ ಕಪಾಳಕ್ಕೆ ಒಂದು ಕೊಟ್ಟಳು ನೋಡು, ಅವ್ವಾ, ನೀನೂ ಎಂದೂ ಹಾಗೆ ಹೊಡೆದಿರಲಿಲ್ಲ. "ನಿನ್ನ ನಾಲಗಿಗಿ ಹುಳ ಬೀಳಲಿ! ನಿಮ್ಮ ಊರ ಪರಸೋ ಸುಟ್ಟು ಹೋಗಲಿ!" ಎಂದಳು. ಎಂದವಳೇ ಗಹಗಹಿಸಿ ನಗತೊಡಗಿದಳು, ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. ಓಡಿಹೋಗಿ ಸೊಸೆಯ ಕೈ ಬಿಡಿಸಿದಳು. ಬಳೆ ಒಂದೂ ಒಡೆದಿರಲಿಲ್ಲ, ನಮ್ಮ ಪುಣ್ಯ. ಜನರಿಗೆ ವಿಷಯ ತಿಳಿಸಲು ಅರ್ಧ ತಾಸು ಹಿಡಿಯಿತು. ಮುದುಕರು ನನ್ನನ್ನು ಕೆಕ್ಕರಿಸಿಕೊಂಡು ಹೋದರು.

ಅಂಗಳ ಖಾಲಿಯಾದ ಮೇಲೆ ಒಂದು ಚೊಂಬು ಮಜ್ಜಿಗೆ ನನ್ನ ಮುಂದಿಟ್ಟು "ಈಗ ಹೇಳು. ಯಾರ ಪೈಕಿ ನೀ?" ಎಂದು ಕೇಳಿದಳು. ಸಾವಿರ ಮೈಲಿ ಆ ಪ್ರಶ್ನೆಯನ್ನು ಹೊತ್ತು ತಂದವನು ನಾನು, ಅವಳು ಅದನ್ನೇ ತಿರುಗಿಸಿ ನನಗೆ ಕೇಳುತ್ತಿದ್ದಳು. "ಅದನ್ನ ನಿಮ್ಮನ್ನೇ ಕೇಳಾಕ ಬಂದೀನ್ರಿ. ನಿಮ್ಮ ಅಂಗಡ್ಯಾಗ ಕಾಳ ಹಸನ ಮಾಡ್ತಿದ್ದ ಕಾಶಮ್ಮ ನನ್ನ ಸಾಕ್ಯಾಳ. ನಿಮ್ಮ ಕಡಿಂದ ತಂದೀನಿ ಅಂದಳು. ಮುಖ ತೋರಸು ಅಂದು ಸತ್ತಳು." ಸೇಠಾಣಿ ಚೊಂಬು ಪಕ್ಕಕ್ಕೆ ಸರಿಸಿ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. "ಆ ಕೂಸ?" ಎಂದಳು. "ಆ ಕೂಸ ನೀನ?"

ಕೂಸು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಮಾರಿ ಮತ್ತೆ ಕೊಳ್ಳುವ ರಿವಾಜು ನನಗೇನು ಗೊತ್ತಿರಲಿಲ್ಲವೇ? ನಮ್ಮ ಓಣಿಯಲ್ಲೇ ಒಬ್ಬ ಕೊಂಡಪ್ಪನಿದ್ದ, ಅವನ ಕತೆ ಹೇಳಿಕೊಂಡು ನಗುತ್ತಿದ್ದೆವು. ಆದರೆ ನನಗಿಂತ ಮುಂಚೆ ನಿನ್ನ ಮೂರು ಕೂಸು ಮಣ್ಣಾಗಿದ್ದವು ಎಂದು ನೀನು ಒಂದು ದಿನವೂ ಹೇಳಲಿಲ್ಲ. ಕಾಕಾನಿಗೂ ಬಾಯಿ ಬಿಡಗೊಡಲಿಲ್ಲ. ಸೇಠಾಣಿ ಹೇಳಿದಳು: "ಮೂರು ಹೋದ ಮ್ಯಾಲ ನೀ ಹುಟ್ಟಿದಿ. ನಿನ್ನ ಕಾಳ ಕೇರೋ ಮರದಾಗ ಹಾಕಿ ನನ್ನ ಹೊಸ್ತಿಲ ದಾಟಿಸಿದಳು. ನಾ ಒಂದ ಹಿಡಿ ತೌಡ ಕೊಟ್ಟು ತಗೊಂಡೆ. ಸಾವಿಗಿ ಗೊತ್ತಾಗಬಾರದು, ಈ ಕೂಸ ಕಾಶಮ್ಮಂದಲ್ಲ ಅಂತ ಅನ್ನಬೇಕು ಅದು. ಇಪ್ಪತ್ತೊಂದ ದಿನ ಆದ ಮ್ಯಾಲ ಅಕಿ ಒಂದ ಹಿಡಿ ತೌಡ ಕೊಟ್ಟು ನಿನ್ನ ತಿರುಗಿ ತಗೋಬೇಕು, ಅದು ಮಾತು. ನನಗೂ ಕೈಕೂಸಿತ್ತು. ಇಬ್ರಿಗೂ ನಾನೇ ಹಾಲ ಕುಡಿಸಿದೆ."

"ಅವ್ವ?" ಎಂದು ಕೇಳಿದೆ.

"ಹೊಸ್ತಿಲ ಹೊರಗ ನಿಂದರ್ತಿದ್ದಳು. ಮುಟ್ಟಾಂಗಿಲ್ಲಲ್ಲ. ನೀ ಅತ್ತಾಗೆಲ್ಲ ಅಕಿ ಕುಪ್ಪಸ ಹಾಲಿಲೆ ತೊಯ್ದು ಹೋಗ್ತಿತ್ತು. ಹಸನ ಮಾಡಾಕಿ ಮಾಡ್ತನೇ ಇರ್ತಿದ್ದಳು, ಕಣ್ಣ ಮಾತ್ರ ಇತ್ತಾಗ. ಒಂದಿನ ನಾ ಮಸ್ಕಿರಿ ಮಾಡಿದೆ. ಇದು ಕೆಂಪಗದ, ನಮ್ಮ ಕೂಸಿನಾಂಗ ಅದ, ಇದನ್ನ ನಾ ಕೊಡಾಂಗಿಲ್ಲ ಕಾಶಮ್ಮಾ, ನೀ ಇನ್ನೊಂದ ಹಡಿ ಅಂತ ಅಂದೆ. ನನ್ನ ಬಾಯಿ ಸುಡಲಿ. ಅಕಿ ಖರೇ ಅಂತ ತಿಳದಳು. ಒಂಬತ್ತನೇ ದಿನ ನಾ ನೀರ ತರಾಕ ಒಳಗ ಹೋಗಿ ಬಂದು ನೋಡ್ತೀನಿ, ತೊಟ್ಟಲದಾಗ ನನ್ನ ಮಗ ಒಬ್ಬನೇ."

ಹೀಗೆ ನನ್ನನ್ನು ಎತ್ತಿಕೊಂಡು ಕಲ್ಯಾಣಕ್ಕೆ ಓಡಿದೆಯಲ್ಲ, ಬಾಣಂತಿ ಮೈಯಲ್ಲಿ, ಆ ದೂರ. ಯಾವ ಗಾಡಿಯಲ್ಲಿ ಹೋದೆ? ನಡೆದೇ ಹೋದೆಯಾ? ಅಪ್ಪನಿಗಾದರೂ ಹೇಳಿದ್ದೆಯಾ? ತೌಡು ಕೊಟ್ಟು ಹೋಗು, ಇಲ್ಲದಿದ್ದರೆ ಕೂಸಿಗೆ ಒಳ್ಳೆಯದಲ್ಲ ಎಂದು ಸೇಠಾಣಿ ಎರಡು ಸಲ ಹೇಳಿ ಕಳಿಸಿದಳಂತೆ. ನೀನು ಹೋಗಲಿಲ್ಲ. ಹೋದರೆ ಮಗನನ್ನು ಕಸಿದುಕೊಳ್ಳುತ್ತಾಳೆ ಎಂದು ಅಂಜಿದೆ. ಆಮೇಲೆ ನನಗೆ ಒಂದು ಸಣ್ಣ ಜ್ವರ ಬಂದರೂ ತೌಡು ಕೊಡದೆ ತಂದದ್ದಕ್ಕೇ ಬಂತು ಎಂದು ಅಂಜಿರಬೇಕು. ನನಗೆ ಈಗ ಒಂದೊಂದೇ ನೆನಪಾಗುತ್ತಿದೆ. ದೇವರೇ, ಎಷ್ಟು ಅಂಜಿದ್ದೀ ನೀನು!

"ಹಂಗಾದ್ರ ನಾ ಯಾರ ಮಗ ರೀ?" ಎಂದು ಸೇಠಾಣಿಯನ್ನು ಕೇಳಿದೆ. "ಹುಚ್ಚ ಖೋಡಿ! ಹಡದಾಕಿ ಕಾಶಮ್ಮ, ಅದರಾಗ ಕೇಳೂದೇನದ? ಆದ್ರ ತೌಡ ಬಂದಿಲ್ಲ ನೋಡು. ರಿವಾಜ ಪ್ರಕಾರ ನೀ ಇನ್ನಾ ನನ್ನಾಂವ." ಅವಳ ಮುಖದಲ್ಲಿ ನಗುವಿತ್ತೋ ಇಲ್ಲವೋ ತಿಳಿಯಲಿಲ್ಲ. ಅಲ್ಲಿಗೆ ನನ್ನ ತಲೆ ಪೂರಾ ಕೆಟ್ಟಿತು. ಇಪ್ಪತ್ತೇಳು ವರ್ಷ ನಾನು ಯಾರವನಾಗಿದ್ದೆ? ಕುಣಿಯ ಮುಂದೆ ಮಣ್ಣು ಹಾಕದೆ ನಿಂತದ್ದು ರಿವಾಜಿನ ಪ್ರಕಾರ ಸರಿಯೇ ಆಯಿತೇ? ಸರಿಯಾದರೆ ಎದೆ ಯಾಕೆ ಹೀಗೆ ಉರಿಯುತ್ತದೆ? ಸುಮ್ಮನೆ ಎದ್ದು ಗಾಡಿ ತೆಗೆದೆ. "ಎಲ್ಲಿಗಿ?" ಎಂದಳು. "ತೌಡ ತರಾಕ" ಎಂದೆ.

ಅದೇ ಗಿರಣಿಗೆ ಹೋದೆ. ಚಹದ ಅಂಗಡಿಯವರು ನನ್ನನ್ನು ನೋಡಿ ಎದ್ದು ನಿಂತರು, ಈ ಸಲ ಯಾರನ್ನು ಕೊಲ್ಲಲು ಬಂದನೋ ಎಂದು. ಗಿರಣಿಯ ಇಂಜಿನ್ನು ಆರು ದಿನದಿಂದ ನಿಂತಿತ್ತು. ಜೋಳದ ತೌಡು ಅಲ್ಲೆಲ್ಲಿ, ಸಜ್ಜೆಯದು ಮಾತ್ರ ಇತ್ತು. ಗಿರಣಿಯವನು ಒಂದು ಹಿಡಿ ತಾನೇ, ಒಯ್ಯಿ ಎಂದ. ನನಗೆ ಪುಕ್ಕಟೆ ಒಯ್ಯಲು ಮನಸ್ಸಾಗಲಿಲ್ಲ, ಇದು ದಾನದ ತೌಡಾಗಬಾರದು ಎನ್ನಿಸಿತು. ಇಂಜಿನ್ನು ಬಿಚ್ಚಿ ಕೂತೆ. ಡೀಸೆಲ್ ಬರುವ ನಳಿಗೆಯಲ್ಲಿ ಉಸುಕು ಕಟ್ಟಿತ್ತು, ಬಾಯಿಂದ ಊದಿ ತೆಗೆದು ಕೂಡಿಸಿದೆ. ಇಂಜಿನ್ನು ಹೊಗೆಯುಗುಳಿ ತಿರುಗಿದಾಗ ಅವನು ನನ್ನ ಬೆನ್ನು ತಟ್ಟಿ ಸೇರುಗಟ್ಟಲೆ ತೌಡು ಚೀಲಕ್ಕೆ ಹಾಕಹೋದ. ಒಂದೇ ಹಿಡಿ ಸಾಕು ಎಂದು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಬಂದೆ.

ಸೇಠಾಣಿ ಹೊಸ್ತಿಲ ಒಳಗೆ ನಿಂತಿದ್ದಳು. ಇಲ್ಲೊಂದು ಫಜೀತಿ. ಮಾರಾಟವಾಗುವ ಕೂಸು ಒಳಗಿರಬೇಕು, ಕೊಳ್ಳುವ ತಾಯಿ ಹೊರಗಿರಬೇಕು. ಎರಡೂ ನಾನೇ! ಎಲ್ಲಿ ನಿಲ್ಲಲಿ? "ಒಂದ ಕಾಲ ಒಳಗಿಡು, ಒಂದ ಕಾಲ ಹೊರಗಿಡು" ಎಂದಳು. ಗಾಡಿಯ ಮೇಲಿದ್ದ ಕೌದಿ ನೋಡಿ "ಕಾಶಮ್ಮನ ಕೈಯಿಂದೇನು?" ಎಂದು ಕೇಳಿ ತರಿಸಿದಳು. ನಿನ್ನ ಹಳೇ ಸೀರೆಗಳ ಕೌದಿಯನ್ನು ನನ್ನ ಹೊರಗಿನ ಭುಜಕ್ಕೆ ಹಾಕಿ "ಈ ಭುಜ ನಿಮ್ಮವ್ವ, ಆ ಭುಜ ನೀ. ತೌಡ ಯಾರ ಹೆಸರಿಲೆ ಕೊಡಾಕತ್ತಿ? ಬಾಯಿ ಬಿಟ್ಟು ಹೇಳು" ಎಂದಳು. "ಕಾಶಮ್ಮನ ಹೆಸರಿಲೆ. ನಾ ಕಾಶಮ್ಮನ ಮಗ" ಎಂದೆ. ಎಷ್ಟು ಸಲ ಎಷ್ಟು ಕಚೇರಿಗಳಲ್ಲಿ ಹೇಳಿದ ಮಾತು ಅದು, ಅವತ್ತು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ತೌಡನ್ನು ಅವಳ ಸೆರಗಿಗೆ ಸುರಿದೆ. ಅವಳು ನನ್ನ ಬೆನ್ನಿಗೆ ಎರಡೂ ಕೈ ಹಚ್ಚಿ ಹೊರಗೆ ದಬ್ಬಿದಳು. "ಹೋಗು. ನಿಮ್ಮವ್ವನ ಮನಿಗಿ ಹೋಗು."

ಮರುದಿನ ಮುಂಜಾನೆ ಹೊರಡುವಾಗ ಸೇಠಾಣಿ, ಶಾಂತಾ ಕಳಿಸಿದ ಸೀರೆಯನ್ನು ಎದೆಗೆ ಒತ್ತಿಕೊಂಡು ಗಾಡಿಯವರೆಗೆ ಬಂದಳು. ನಾನು ಕಿಕ್ ಹೊಡೆಯಲು ಕಾಲೆತ್ತಿದ್ದೆ. "ಧೂಳಪ್ಪಾ, ತಡಿ. ನಾ ಒಂದ ಸುಳ್ಳ ಹೇಳೀನಿ" ಎಂದಳು. ಎತ್ತಿದ ಕಾಲು ಕೆಳಗಿಟ್ಟೆ. ಇನ್ನೇನು ಉಳಿದಿದೆ? ಅವಳು ಹೇಳಿದ್ದನ್ನು ಕೇಳಿದಾಗಿನಿಂದ, ಅವ್ವಾ, ಬರುವ ದಾರಿಯುದ್ದಕ್ಕೂ ಒಂದೇ ಯೋಚನೆ, ಇದನ್ನು ನಿನಗೆ ಹೇಗೆ ಮುಟ್ಟಿಸಲಿ ಎಂದು. ಮಿಕ್ಕ ಯಾವುದೂ ನನಗೆ ಬಗೆಹರಿದಿಲ್ಲ. ಕಾಕಾನಿಗೆ ಏನು ಹೇಳಬೇಕು, ಹಾಕದೆ ಉಳಿದ ಆ ಹಿಡಿ ಮಣ್ಣನ್ನು ಈಗ ಏನು ಮಾಡಬೇಕು, ಒಂದೂ ತಿಳಿಯದು. ಇದೊಂದು ತಿಳಿದಿದೆ, ಅದಕ್ಕೇ ಬರೆಯಲು ಕೂತೆ. ಓದಿ ಹೇಳುತ್ತಿರುವ ಮಾಸ್ತರರಿಗೆ ಸ್ವಲ್ಪ ಗಟ್ಟಿಯಾಗಿ ಓದಲು ಹೇಳು.

ಸೇಠಾಣಿ ಹೇಳಿದಳು: "ಆ ದಿನ ನಾ ನೀರಿಗಿ ಹೋಗಿದ್ದಿಲ್ಲ. ಕಾಶಮ್ಮ ಅತ್ತಾಗ ಇತ್ತಾಗ ನೋಡ್ತಾ ಹೊಸ್ತಿಲ ದಾಟೂದು ಕಂಡು ನಾನೇ ಬಾಗಲ ಹಿಂದ ಸರದು ನಿಂತೆ. ಉಸರ ಹಿಡಕೊಂಡು ನಿಂತೆ. ನಿನ್ನ ಎತ್ತಿ ಎದಿಗಿ ಹಚ್ಚಿಕೊಂಡು ಓಡಿದಳು. ಚಪ್ಲಿ ಅಲ್ಲೇ ಬಿದ್ದಿದ್ದವು. ಅಂಗಡ್ಯಾಗಿನವ್ರು ಎದ್ದರು. ನಾ ಕೈ ಮಾಡಿ ಕೂಡ್ರಿಸಿದೆ."

ಅವ್ವಾ, ನಿನ್ನ ಬೆನ್ನು ಹತ್ತಿ ಯಾರೂ ಬಂದಿರಲಿಲ್ಲ.

ನಿನ್ನ ಮಗ,
ಧೂಳಪ್ಪ